ಸಹಿಯ ಮೇಲಿನ ಖಾಲಿ ಜಾಗ

ಜಯನಗರದ ಒಂದು ಸಣ್ಣ ನರ್ಸಿಂಗ್ ಹೋಮಿನ ರೆಕಾರ್ಡ್ ರೂಮಿನಲ್ಲಿ ನಾನು ಕೆಲಸಕ್ಕಿದ್ದೆ. ರೆಕಾರ್ಡ್ ರೂಮ್ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಅದು ಮೆಟ್ಟಿಲ ಕೆಳಗಿನ ಇಳಿಜಾರು ಕೋಣೆ, ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕು, ರ‍್ಯಾಕಿನ ತುಂಬ ರೋಗಿಗಳ ಫೈಲು. ನರ್ಸಿಂಗ್ ಹೋಮ್ ಕಟ್ಟಿದ ದೊಡ್ಡ ಡಾಕ್ಟರು ಒಂದು ಚೀಟಿಯನ್ನೂ ಎಸೆಯಲು ಬಿಟ್ಟವರಲ್ಲ. ಅವರು ತೀರಿಕೊಂಡ ಮೇಲೆ ಮಗ ಬಂದು ಕುರ್ಚಿಯಲ್ಲಿ ಕೂತರು. ನಾವು ಅವರನ್ನು ಚಿಕ್ಕ ಡಾಕ್ಟರು ಅನ್ನುತ್ತಿದ್ದೆವು. ಮೆಟ್ಟಿಲ ಕೆಳಗೆ ಔಷಧದಂಗಡಿ ಇಡಬೇಕೆಂದು ಅವರಿಗೆ ಆಸೆ, ಅದಕ್ಕೆ ಕಾಗದಗಳು ಜಾಗ ಬಿಡಬೇಕು. ಹಾಗಾಗಿ ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗ ನಮ್ಮ ಕೋಣೆಗೆ ಸ್ಕ್ಯಾನರ್ ಬಂತು.

"ಸ್ಕ್ಯಾನ್ ಆದ್ಮೇಲೆ ಪೇಪರ್ ಇಟ್ಕೋಬೇಡಿ. ರದ್ದಿಗೆ ಹಾಕ್ಬಿಡಿ," ಎಂದರು ಚಿಕ್ಕ ಡಾಕ್ಟರು.

ಆ ಮಾತು ಕೇಳಿದಾಗಿನಿಂದ ನನಗೆ ನೆಮ್ಮದಿ ಇರಲಿಲ್ಲ. ನಾನು ಮೊದಲೇ ಅನುಮಾನದ ಪ್ರಾಣಿ. ಬನಶಂಕರಿ ಬಸ್ ಸ್ಟ್ಯಾಂಡಿನ ತನಕ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ವಾಪಸು ಓಡಿದ ದಿನಗಳು ಎಷ್ಟೋ. ಯಾರಿಗೆ ಯಾವ ಇಂಜೆಕ್ಷನ್ ಒಗ್ಗಲಿಲ್ಲ, ಯಾರಿಗೆ ಆಪರೇಷನ್ ಟೇಬಲ್ ಮೇಲೆ ಏನಾಯಿತು, ಅದೆಲ್ಲ ಆ ಕಾಗದಗಳಲ್ಲಿ ಮಾತ್ರ ಇತ್ತು. ಮಷೀನು ಏನನ್ನಾದರೂ ಬಿಟ್ಟುಬಿಟ್ಟರೆ, ಕಾಗದವೂ ರದ್ದಿಗೆ ಹೋದ ಮೇಲೆ, ಅದನ್ನು ಹೇಳುವವರು ಯಾರು? ಇದನ್ನು ನಾನು ಜೋರಾಗಿಯೇ ಕೇಳಿದೆ. ಚಿಕ್ಕ ಡಾಕ್ಟರು ನಕ್ಕರು. ಮಷೀನು ಏನನ್ನೂ ಬಿಡುವುದಿಲ್ಲ, ಬಿಡುವುದೆಲ್ಲ ಮನುಷ್ಯರೇ ಎಂದರು.

ಆ ಕೋಣೆಯಲ್ಲಿ ನನ್ನ ಜೊತೆ ಇನ್ನೊಬ್ಬರಿದ್ದರು. ನನಗಿಂತ ಬಹಳ ಹಿರಿಯರು. ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರಿಗೂ ಅವರು ಅಕ್ಕ. ದೊಡ್ಡ ಡಾಕ್ಟರ ಕಾಲದಿಂದ ಆ ಫೈಲುಗಳನ್ನು ಕಾದವರು ಅವರೇ. ಆಯುಧಪೂಜೆ ಬಂತೆಂದರೆ ಆಸ್ಪತ್ರೆಯವರೆಲ್ಲ ಆಟೋಕ್ಲೇವಿಗೆ, ಜನರೇಟರಿಗೆ, ಆಂಬುಲೆನ್ಸಿಗೆ ಹೂವು ಏರಿಸಿದರೆ, ಅಕ್ಕ ತಮ್ಮ ಫೈಲುಗಳ ಮುಂದೆ ಕೂರುತ್ತಿದ್ದರು. ಆ ವರ್ಷ ತೆರೆದ ಒಂದೊಂದು ಫೈಲಿನ ಮೊದಲ ಹಾಳೆಯ ನೆತ್ತಿಗೂ ಉಂಗುರದ ಬೆರಳಿನಿಂದ ಕುಂಕುಮ ಇಡುತ್ತಿದ್ದರು. ಏನೆಂದು ಬೇಡಿಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಇವರ್ಯಾರೂ ಮತ್ತೆ ಇಲ್ಲಿಗೆ ಬರೋ ಹಾಗೆ ಮಾಡ್ಬೇಡ ತಾಯಿ, ಅಂತ," ಎಂದಿದ್ದರು. ಆಸ್ಪತ್ರೆಯ ಸಂಬಳ ತಿಂದುಕೊಂಡು ಇಂಥ ಬೇಡಿಕೆ ಎಂದು ನಾನು ರೇಗಿಸುತ್ತಿದ್ದೆ.

ಸ್ಕ್ಯಾನರ್ ಬಂದ ಮೊದಲ ವಾರ ನಮ್ಮಿಬ್ಬರ ಜೀವ ತಿಂದಿತು. ಕಾಗದಗಳನ್ನು ಮೇಲಿನ ತಟ್ಟೆಯಲ್ಲಿ ಜೋಡಿಸಿಟ್ಟರೆ ಅದು ಒಂದೊಂದಾಗಿ ಎಳೆದುಕೊಳ್ಳಬೇಕು. ನಮ್ಮದು ಎರಡೆರಡು ನುಂಗುತ್ತಿತ್ತು. ಕಾಗದವನ್ನು ಬೀಸಿ, ಬಿಡಿಸಿ ಇಡಿ ಎಂದರು ಕಂಪನಿಯವರು, ಇಟ್ಟೆವು. ಆಗ ನಡುವೆ ಸಿಕ್ಕಿಹಾಕಿಕೊಂಡು ಕಿರ್ರೆಂದು ನಿಲ್ಲುತ್ತಿತ್ತು. ಮುಚ್ಚಳ ತೆಗೆದರೆ ಯಾವುದೋ ಕಾಲದ ಪಿನ್ನಿನ ಚೂರು. ಅಂದಿನಿಂದ ಪ್ರತಿ ಹಾಳೆಯ ಮೂಲೆಯನ್ನೂ ಬೆರಳಿನಿಂದ ಸವರಿ ನೋಡಿಯೇ ಇಡುತ್ತಿದ್ದೆವು. ಒಂದೊಂದು ಹಾಳೆ ಸೊಟ್ಟಗೆ ಬರುತ್ತಿತ್ತು. ರಬ್ಬರ್ ಉರುಳೆಗಳಲ್ಲಿ ಕೊಳೆ ಕೂತರೆ ಹಾಗಾಗುತ್ತದೆಂದು ಗೊತ್ತಾಯಿತು. ಹತ್ತಿಗೂ ಸ್ಪಿರಿಟ್ಟಿಗೂ ಆಸ್ಪತ್ರೆಯಲ್ಲಿ ಬರವೇ? ದಿನಾ ಒರೆಸಿದೆವು.

ಇದೆಲ್ಲ ಕಳೆದ ಮೇಲೂ ಕುಂಕುಮ ಮಾತ್ರ ನಮ್ಮನ್ನು ಬಿಡಲಿಲ್ಲ. ಅದರ ಪುಡಿ ಉದುರಿ ಒಳಗಿನ ಗಾಜಿನ ಮೇಲೆ ಕೂರುತ್ತಿತ್ತು. ಒಂದು ಕಣ ಕೂತರೆ ಸಾಕು, ಆಮೇಲಿನ ಪ್ರತಿ ಹಾಳೆಯಲ್ಲೂ ನೆತ್ತಿಯಿಂದ ಅಡಿಯ ತನಕ ಒಂದು ಕಪ್ಪು ಗೆರೆ. ಗಾಜು ಒರೆಸಿದರೆ ಗೆರೆ ಹೋಗುತ್ತಿತ್ತು, ಕಲೆ ಎಲ್ಲಿಗೆ ಹೋಗಬೇಕು? ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ನಾವು ಕಪ್ಪು ಬಿಳುಪಿನಲ್ಲೇ ಮಾಡುತ್ತಿದ್ದೆವು. ಕಪ್ಪು ಬಿಳುಪಿನಲ್ಲಿ ಅಕ್ಕನ ಬೊಟ್ಟು ರೋಗಿಯ ಹೆಸರಿನ ಮೇಲೆ ಕರಿ ಮಚ್ಚೆಯಾಗಿ ಬೀಳುತ್ತಿತ್ತು. ಹೆಸರೇ ಓದಲಾಗದ ಫೈಲನ್ನು ಯಾವ ಹೆಸರಿಟ್ಟು ಹುಡುಕುವುದು? ಚಿಕ್ಕ ಡಾಕ್ಟರು ಅಕ್ಕನನ್ನು ನೋಡಿದ ನೋಟ ನನಗೆ ಇಷ್ಟವಾಗಲಿಲ್ಲ. ಅಕ್ಕ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಸ್ಕ್ಯಾನರ್ ಕಂಪನಿಯ ಇಂಜಿನಿಯರ್‌ನನ್ನು ಕರೆಸಿದೆವು. ಗದಗದ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ. ಅಕ್ಕ ಅವನಿಗೆ ಕಾಫಿ ಕೊಟ್ಟು, ಹೆಸರಿನ ಮೇಲಿನ ಮಚ್ಚೆ ತೋರಿಸಿದರು.

"ಇದೇನ್ ದೊಡ್ಡ ಮಾತಲ್ಲ ಬಿಡ್ರೀ ಅಕ್ಕಾರ," ಎಂದ. "ಮಷಿನ್‌ಗೆ ಒಂದ್ ಬಣ್ಣ ಕಾಣದಂಗ ಮಾಡಾಕ ಬರ್ತೈತ್ರೀ. ಕೆಂಪು ಬಿಟ್ಬಿಡು ಅಂದ್ರ ಬಿಡ್ತೈತಿ."

ಯಾವುದೋ ಪಟ್ಟಿ ತೆರೆದು ಒಂದು ಕಡೆ ಗುರುತು ಹಾಕಿದ. ಅದೇ ಹಾಳೆಯನ್ನು ಮತ್ತೆ ಒಳಗೆ ಬಿಟ್ಟ. ಪರದೆಯ ಮೇಲೆ ಹೆಸರು ಸ್ವಚ್ಛವಾಗಿ ಮೂಡಿತು. ಬೊಟ್ಟು ಇದ್ದ ಕಡೆ ಬರೀ ಬಿಳುಪು. ಅಕ್ಕನ ಮುಖ ಅರಳಿತು. ಚಿಕ್ಕ ಡಾಕ್ಟರೂ ಬಗ್ಗಿಕೊಂಡು ಒಳಗೆ ಬಂದು ನೋಡಿ ಭೇಷ್ ಎಂದರು. ನನ್ನ ಅನುಮಾನಕ್ಕೂ ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ.

ಆಮೇಲೆ ಕೆಲಸ ಸಲೀಸಾಗಿ ಸಾಗಿತು. ರ‍್ಯಾಕುಗಳು ಬೋಳಾಗುತ್ತ ಬಂದವು. ಸ್ಕ್ಯಾನ್ ಆದ ಕಾಗದಗಳನ್ನು ಗೋಣಿಚೀಲಕ್ಕೆ ತುಂಬಿ ಹಿಂದಿನ ಜನರೇಟರ್ ಶೆಡ್ಡಿನಲ್ಲಿ ಪೇರಿಸಿಡುವುದು, ರದ್ದಿಯವನು ಬಂದಾಗ ಒಯ್ಯುವುದು. ಹೀಗೆ ಒಂದೆರಡು ಸಲ ಒಯ್ದೂ ಆಗಿತ್ತು.

ಒಂದು ಬೆಳಿಗ್ಗೆ ಕೋಣನಕುಂಟೆಯಿಂದ ತುಂಬು ಬಸುರಿಯೊಬ್ಬಳನ್ನು ಕರೆತಂದರು. ಗಂಡ, ಅತ್ತೆ ಜೊತೆಗಿದ್ದರು. ಹಳೇ ಊರಿನ ಮನೆತನ, ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡಿದ್ದವರು. ಸುಸೂತ್ರ ಹೆರಿಗೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಕೂಡಲೇ ಆಪರೇಷನ್ ಮಾಡಬೇಕೆಂದರು ಚಿಕ್ಕ ಡಾಕ್ಟರು. ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದು ಸಿಸ್ಟರ್ ಕೇಳಿದಾಗ ಆ ಹುಡುಗಿ, "ಚಿಕ್ಕೋಳಿದ್ದಾಗ ಟಾನ್ಸಿಲ್ ತೆಗ್ಸಿದ್ರು. ಇಲ್ಲೇ. ಆಗ ನಾವು ಜಯನಗರದಲ್ಲಿದ್ವಿ," ಎಂದಳಂತೆ. ಹೆಚ್ಚಿಗೆ ಏನೂ ಗೊತ್ತಿಲ್ಲ. ಅವಳ ತಾಯಿ ಎಂದೋ ಹೋಗಿಬಿಟ್ಟಿದ್ದರು.

ಸಿಸ್ಟರ್ ನಮ್ಮ ಕೋಣೆಗೆ ಓಡಿ ಬಂದರು. ಹಳೇ ಕಾಲವಾಗಿದ್ದರೆ ರ‍್ಯಾಕಿನ ಮುಂದೆ ಸ್ಟೂಲು ಹಾಕಿ, ದೂಳು ಕುಡಿದು ಹುಡುಕಬೇಕಿತ್ತು. ನಾನು ಹೆಸರನ್ನೂ ತಂದೆಯ ಹೆಸರನ್ನೂ ಒತ್ತಿದೆ. ಫೈಲು ಪರದೆಯ ಮೇಲೆ ಬಂದೇಬಿಟ್ಟಿತು. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಯಿತು. ಮೊದಲ ಹಾಳೆಯನ್ನು ಪ್ರಿಂಟ್ ತೆಗೆದು ನಾನೇ ಆಪರೇಷನ್ ಥಿಯೇಟರಿನ ಬಾಗಿಲಿಗೆ ಒಯ್ದೆ.

ಅರಿವಳಿಕೆ ಡಾಕ್ಟರು ಆಗತಾನೇ ಬಂದಿದ್ದರು. ಅವರು ನಮ್ಮ ಒಂದೇ ಕಡೆಯವರಲ್ಲ, ಸ್ಕೂಟರಿನಲ್ಲಿ ಹಲವು ನರ್ಸಿಂಗ್ ಹೋಮುಗಳಿಗೆ ಹೋಗುತ್ತಿದ್ದವರು. ನಿಂತಲ್ಲೇ ಹಾಳೆಯ ಮೇಲೆ ಕಣ್ಣಾಡಿಸಿದರು. ಹೆಸರು, ವಯಸ್ಸು, ತೂಕ, ಟಾನ್ಸಿಲ್.

"ಹಳೇ ತೊಂದ್ರೆ ಏನೂ ಇಲ್ಲ. ಸರಿ, ಪೂರ್ತಿ ಮಂಪರು ಕೊಟ್ಬಿಡೋಣ, ಟೈಮಿಲ್ಲ," ಎಂದು ಹಾಳೆಯನ್ನು ನನ್ನ ಕೈಗೇ ಕೊಟ್ಟು ಕೈ ತೊಳೆಯಲು ಹೋದರು.

ನಾನು ಕೋಣೆಗೆ ಬಂದು ಕೂತೆ. ಹಾಳೆ ಮೇಜಿನ ಮೇಲಿತ್ತು. ಸುಮ್ಮನೆ ನೋಡಿದೆ. ಹಾಳೆಯ ಮಧ್ಯದಲ್ಲಿ ವಿಶೇಷ ಸೂಚನೆಗೆಂದು ಒಂದು ಚೌಕ. ಚೌಕದ ತಳದಲ್ಲಿ ದೊಡ್ಡ ಡಾಕ್ಟರ ಸಹಿ, ಫೈಲುಗಳಲ್ಲಿ ನೋಡಿ ನೋಡಿ ನನಗೆ ಬಾಯಿಪಾಠವಾಗಿದ್ದ ಆ ಉದ್ದನೆಯ ಬಾಲದ ಸಹಿ. ಸಹಿಯ ಮೇಲೆ ಏನೂ ಇರಲಿಲ್ಲ.

ಹಾಳೆಯನ್ನು ಅಕ್ಕನ ಮುಂದೆ ಹಿಡಿದೆ.

"ಅಕ್ಕ, ದೊಡ್ಡ ಡಾಕ್ಟ್ರು ಖಾಲಿ ಚೌಕಕ್ಕೆ ಸಹಿ ಹಾಕ್ತಿದ್ರಾ?"

"ಅವರಾ? ನನ್ನ ಸಂಬಳದ ಚೀಟಿಗೇ ಎರಡು ಸಲ ಓದಿ ಸಹಿ ಹಾಕೋರು." ಅಕ್ಕ ಕನ್ನಡಕ ಏರಿಸಿ ಹಾಳೆ ನೋಡಿದರು. ಮುಖ ಬಿಳುಚಿತು. "ಅಲ್ಲಿ ಸಿಸ್ಟರು ಬರೀತಿದ್ರು ಕಣೆ. ಯಾವ್ದು ಕೊಡಬಾರದು ಅಂತ. ಕೆಂಪು ಪೆನ್ನಲ್ಲಿ, ಎಲ್ಲರ ಕಣ್ಣಿಗೂ ಬೀಳ್ಲಿ ಅಂತ. ಅದನ್ನ ಓದಿ ಡಾಕ್ಟ್ರು ತಮ್ಮ ನೀಲಿ ಪೆನ್ನಲ್ಲಿ ಸಹಿ ಹಾಕ್ತಿದ್ರು."

ಇಬ್ಬರೂ ಸ್ಕ್ಯಾನರ್ ಕಡೆ ನೋಡಿದೆವು. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ವಾರ್ಡಿನ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಕಿತ್ತುಕೊಂಡು ಬಂದೆ. ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಎಚ್ಚರ ಎಂದು ಬರೆದೆ. ಕೆಳಗೆ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದೆ. ಹಾಳೆಯನ್ನು ತಟ್ಟೆಗೆ ಇಟ್ಟೆ. ಅದು ಒಳಗೆ ಹೋಗಿ ಆ ಕಡೆಯಿಂದ ಹೊರಗೆ ಬಂತು. ಪರದೆಯ ಮೇಲೆ ಗೆರೆ ಇತ್ತು. ಅಕ್ಷರ ಒಂದೂ ಇರಲಿಲ್ಲ.

ಕುಂಕುಮ ಹೋಗಲಿ ಎಂದು ಮಷೀನಿಗೆ ಹೇಳಿದ್ದೆವು. ಅದು ಕೆಂಪನ್ನೆಲ್ಲ ಬಿಟ್ಟಿತ್ತು. ಯಾರೂ ಕಾಣದೆ ಹೋಗಬಾರದೆಂದು ಕೆಂಪಿನಲ್ಲಿ ಬರೆದ ಮಾತೇ ಯಾರಿಗೂ ಕಾಣದೆ ಹೋಗಿತ್ತು. ನಾನು ಥಿಯೇಟರಿಗೆ ಓಡಿದೆ.

ಬಾಗಿಲಲ್ಲಿ ಸಿಸ್ಟರ್ ತಡೆದರು. ನಾನು ಕಿರುಚಿದೆನೋ ಏನೋ, ಅರಿವಳಿಕೆ ಡಾಕ್ಟರೇ ಮಾಸ್ಕ್ ಇಳಿಸಿಕೊಂಡು ಹೊರಗೆ ಬಂದರು. ಏದುಸಿರಿನಲ್ಲೇ ಹೇಳಿದೆ: ಈ ಹುಡುಗಿಗೆ ಏನೋ ಒಂದು ಕೊಡಬಾರದು ಎಂದು ಬರೆದಿದ್ದಾರೆ, ಅದು ಸ್ಕ್ಯಾನಿನಲ್ಲಿ ಬಂದಿಲ್ಲ.

"ಏನು ಕೊಡಬಾರದು?"

"ಗೊತ್ತಿಲ್ಲ ಸಾರ್."

"ಏನು ಅಂತಾನೇ ಗೊತ್ತಿಲ್ದೆ ನಾನೇನ್ ಮಾಡ್ಲಿ ಹೇಳಿ ಮೇಡಂ? ನನ್ನ ಟ್ರೇನಲ್ಲಿರೋದೆಲ್ಲ ಔಷಧಾನೇ. ಒಳಗಡೆ ಮಗು ಕಾಯಲ್ಲ." ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. "ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಡೆ ಮಾತ್ರ ಮರಗಟ್ಟಿಸೋಕೆ ಟ್ರೈ ಮಾಡ್ತಿರ್ತೀನಿ. ಅದು ಹಿಡೀಲಿಲ್ಲ, ಬಡಿತ ಇನ್ನೂ ಇಳೀತು ಅಂದ್ರೆ ಪೂರ್ತಿ ಮಂಪರೇ. ಅಷ್ಟರಲ್ಲಿ ಮೂಲ ಪೇಪರ್ ತನ್ನಿ."

ಮೂಲ ಪೇಪರ್! ಅದು ಇದ್ದರೆ ತಾನೇ ತರುವುದು. ಕೋಣೆಗೆ ಬಂದು ಕಂಪ್ಯೂಟರಿನಲ್ಲಿ ಆ ಫೈಲು ಸ್ಕ್ಯಾನ್ ಆದ ದಿನ ನೋಡಿದೆ. ರದ್ದಿಯವನು ಕೊನೆಯ ಸಲ ಬಂದುಹೋದ ವಾರವೇ. ಅವನು ಬರುವ ಮೊದಲು ಮಾಡಿದ್ದೋ, ಹೋದ ಮೇಲೆ ಮಾಡಿದ್ದೋ ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಮೊದಲಾಗಿದ್ದರೆ ಆ ಕಾಗದ ಈಗ ಯಾವುದೋ ಊರಿನ ರಟ್ಟಿನ ಕಾರ್ಖಾನೆಯಲ್ಲಿ ನೀರಿನಲ್ಲಿ ನೆನೆಯುತ್ತಿರಬೇಕು. ಆಮೇಲಾಗಿದ್ದರೆ ಶೆಡ್ಡಿನಲ್ಲಿದೆ. ಶೆಡ್ಡಿಗೆ ಓಡಿದೆವು.

ಗೋಣಿಚೀಲಗಳು ಚಾವಣಿಯ ತನಕ ಪೇರಿಕೊಂಡಿದ್ದವು. ನಮ್ಮಿಬ್ಬರಿಂದ ಮೇಲಿನ ಚೀಲ ಅಲುಗಾಡಿಸಲೂ ಆಗಲಿಲ್ಲ. ಕಾರಿಡಾರಿನಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದ ಆ ಹುಡುಗಿಯ ಗಂಡನನ್ನು ಕೂಗಿದೆ.

"ಅಣ್ಣ, ಸ್ವಲ್ಪ ಬನ್ನಿ. ಈ ಚೀಲ ಇಳಿಸ್ಬೇಕು."

ಅವನು ಬಂದ. ಹೆಂಡತಿ ಒಳಗೆ ಆ ಸ್ಥಿತಿಯಲ್ಲಿರುವಾಗ ಆಸ್ಪತ್ರೆಯವರು ತನ್ನಿಂದ ಮೂಟೆ ಇಳಿಸುತ್ತಿದ್ದಾರಲ್ಲ ಎಂಬ ಸಿಟ್ಟು ಅವನ ಮುಖದಲ್ಲಿ ಇತ್ತು. ಎರಡು ಚೀಲ ಇಳಿಸಿದ ಮೇಲೆ ಕೇಳಿದ.

"ಏನ್ ಮೇಡಂ ಹುಡುಕ್ತಿರೋದು?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ನಿಮ್ಮ ಮನೆಯವರ ಹಳೇ ಪೇಪರು. ಅವರಿಗೆ ಯಾವುದೋ ಒಂದು ಔಷಧ ಆಗಲ್ಲ. ಯಾವ್ದು ಅಂತ ಅದರಲ್ಲಿದೆ. ಅದು ಸಿಗೋ ಮುಂಚೆ ಅದನ್ನೇ ಕೊಟ್ಬಿಟ್ರೆ ಕಷ್ಟ."

ಅವನು ಮಿಕ್ಕ ಚೀಲಗಳನ್ನು ಎಳೆದು ಕೆಡವಿದ, ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತ. ಮೂವರೂ ನೆಲದ ಮೇಲೆ ಕೂತು ಕಾಗದ ಸುರಿದುಕೊಂಡೆವು. ಡೀಸೆಲ್ ವಾಸನೆ, ದೂಳು, ಅಕ್ಕನ ಕೆಮ್ಮು. ಕೈಗೆ ಬಂದದ್ದೆಲ್ಲ ಬೇರೆಯವರ ಮೂತ್ರ ಪರೀಕ್ಷೆ, ಬೇರೆಯವರ ಜ್ವರದ ಪಟ್ಟಿ. ಹಾಳೆಗಳನ್ನು ಹರಿಯಲಿಲ್ಲ ಅನ್ನುವುದೊಂದು ಬಿಟ್ಟರೆ ಬೇರೆ ಯಾವ ಜೋಪಾನವೂ ಇರಲಿಲ್ಲ. ನೋಡಿದ್ದನ್ನು ಹಿಂದಕ್ಕೆ ಎಸೆಯುತ್ತಿದ್ದೆವು. ಕುಂಕುಮದ ಬೊಟ್ಟಿದ್ದ ಹಾಳೆ ಮಾತ್ರ ನೋಡಿ, ಮೊದಲ ಹಾಳೆ ಅಂದರೆ ಅದೇ ಎಂದು ಅಕ್ಕ ಹೇಳಿಕೊಟ್ಟರು. ಅದರಿಂದ ಕೆಲಸ ಚುರುಕಾಯಿತು. ಆದರೂ ಒಂದೊಂದು ಹಾಳೆ ತಿರುವುವಾಗಲೂ ಥಿಯೇಟರಿನಲ್ಲಿ ಆ ಡಾಕ್ಟರು ಸಿರಿಂಜು ಎತ್ತಿಕೊಳ್ಳುತ್ತಿದ್ದಾರೆ ಎನ್ನಿಸುತ್ತಿತ್ತು.

ಆಯಾ ಬಂದು ಬಾಗಿಲಲ್ಲಿ ನಿಂತಳು. "ಬೆನ್ನಿಗೆ ಹಿಡೀತಿಲ್ವಂತೆ. ಸಿಕ್ತಾ ಅಂತ ಕೇಳ್ತವ್ರೆ."

ಗಂಡ ಕಾಗದದ ರಾಶಿಯ ಮೇಲೆ ಹಾಗೇ ಕೈಯೂರಿ ಕೂತುಬಿಟ್ಟ. ಅಕ್ಕ ಅವನ ಭುಜಕ್ಕೆ ತಟ್ಟಿ, "ಹುಡುಕಪ್ಪ, ಹುಡುಕು. ಆಮೇಲೆ ಅಳೋಣ," ಎಂದರು. ಅವರ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ನಾನು ಕೇಳಿರಲಿಲ್ಲ.

ಸಿಕ್ಕಿದ್ದು ಅವನ ಕೈಗೇ. ಆದರೆ ಅವನಿಗೆ ಗೊತ್ತಾಗಲಿಲ್ಲ. ಹೆಂಡತಿಯ ಹೆಸರಿನ ಮುಂದೆ ತನ್ನ ಹೆಸರಿರುತ್ತದೆಂದು ಹುಡುಕುತ್ತಿದ್ದನೋ ಏನೋ, ಹಾಳೆಯನ್ನು ಹಿಂದಕ್ಕೆ ಎಸೆದ. ನನ್ನ ಮಂಡಿಯ ಪಕ್ಕ ಬಿತ್ತು. ಅವಳ ಹೆಸರು, ಮುಂದೆ ಅವಳ ತಂದೆಯ ಹೆಸರು, ನೆತ್ತಿಯಲ್ಲಿ ಮಾಸಿದ ಬೊಟ್ಟು. ಮಧ್ಯದ ಚೌಕದಲ್ಲಿ ದಪ್ಪ ಕೆಂಪು ಇಂಗ್ಲಿಷ್ ಅಕ್ಷರಗಳು. ಒಂದು ಔಷಧದ ಹೆಸರು, ಕೊಡಲೇಕೂಡದು ಎಂಬ ಮಾತು, ಅದರಡಿಗೆ ಎರಡು ಗೆರೆ. ಆ ಔಷಧದ ಹೆಸರನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಹಾಳೆ ಹಿಡಿದು ಓಡಿದೆ. ಚಪ್ಪಲಿ ಶೆಡ್ಡಿನಲ್ಲೇ ಉಳಿಯಿತು.

ಈ ಸಲ ಸಿಸ್ಟರ್ ತಡೆಯಲಿಲ್ಲ. ಬಾಗಿಲನ್ನು ಒಂದಿಷ್ಟು ತೆರೆದು ಹಾಳೆಯನ್ನು ಒಳಗೆ ಎತ್ತಿ ಹಿಡಿದರು. ಸಂದಿಯಿಂದ ನನಗೆ ಕಂಡದ್ದು ಆ ಹುಡುಗಿಯ ಪಾದಗಳು ಮತ್ತು ಡಾಕ್ಟರ ಬೆನ್ನು. ಅವರು ತಿರುಗಿ ಓದಿದರು. ಟ್ರೇಯಲ್ಲಿ ಸಾಲಾಗಿ ತುಂಬಿಟ್ಟಿದ್ದ ಸಿರಿಂಜುಗಳಲ್ಲಿ ಒಂದನ್ನು ಎತ್ತಿ ಕೆಳಗಿನ ಬಕೆಟ್ಟಿಗೆ ಹಾಕಿದರು. ಬೇರೊಂದು ಔಷಧದ ಹೆಸರು ಹೇಳಿ ತರಲು ಕೂಗಿದರು. ಬಾಗಿಲು ಮುಚ್ಚಿತು.

ಮಗುವಿನ ಅಳು ಕೇಳುವ ತನಕ ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೇ ಕೂತಿದ್ದೆ. ಹೆಣ್ಣು ಮಗು. ಮೊದಲು ಬೆಕ್ಕಿನ ಮರಿಯ ಹಾಗೆ ಕ್ಷೀಣವಾಗಿ ಅತ್ತಿತು, ಆಮೇಲೆ ಜೋರಾಗಿ. ಅತ್ತೆ ಎರಡೂ ಕೈಯೆತ್ತಿ ಗೋಡೆಯ ಮೇಲಿನ ದೇವರ ಪಟಕ್ಕೆ ಮುಗಿದರು. ಗಂಡ ಮೈಯೆಲ್ಲ ದೂಳು ಮಾಡಿಕೊಂಡು ಬಂದು ನನ್ನೆದುರು ನಿಂತ. ಶೆಡ್ಡಿನಲ್ಲಿ ಉಳಿದಿದ್ದ ನನ್ನ ಚಪ್ಪಲಿಯನ್ನು ಕಾಲ ಬಳಿ ಇಟ್ಟು ಹಿಂದಕ್ಕೆ ಹೋದ.

ಅರಿವಳಿಕೆ ಡಾಕ್ಟರು ಹೊರಡುವ ಮುಂಚೆ ನಮ್ಮ ಕೋಣೆಗೆ ಬಂದರು. ಉಸಿರಿನ ನಳಿಕೆ ಹಾಕುವ ಮೊದಲು ಮೈ ಸಡಿಲವಾಗಲು ಒಂದು ಔಷಧ ಕೊಡುತ್ತಾರಂತೆ. ಸಾಮಾನ್ಯರಲ್ಲಿ ಅದು ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಯಾರೋ ಒಬ್ಬೊಬ್ಬರ ಮೈಯಲ್ಲಿ ಗಂಟೆಗಟ್ಟಲೆ ಇಳಿಯುವುದೇ ಇಲ್ಲ, ಸ್ವಂತ ಉಸಿರು ಮರಳುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಾದರೆ ಮಷೀನು ಉಸಿರಾಡಿಸುತ್ತದೆ. ನಮ್ಮಲ್ಲಿ ಇದ್ದದ್ದು ಕೈಯಲ್ಲಿ ಹಿಸುಕುವ ಒಂದು ಚೀಲ.

"ಟಾನ್ಸಿಲ್ ದಿನ ದೊಡ್ಡ ಡಾಕ್ಟ್ರು ಅದನ್ನ ಎಷ್ಟ್ ಹೊತ್ತು ಹಿಸುಕಿರ್ಬೇಕೋ," ಎಂದಷ್ಟೇ ಹೇಳಿ ಹೆಲ್ಮೆಟ್ ಹಾಕಿಕೊಂಡು ಹೋದರು.

ಮರುದಿನ ಇಂಜಿನಿಯರ್ ಬಂದ. ಚಿಕ್ಕ ಡಾಕ್ಟರು ಅವನ ಮೇಲೆ ಹರಿಹಾಯ್ದರು. ಅವನ ತುಟಿ ಒಣಗಿತ್ತು. "ಕಲೆ ಹೋಗ್ಬೇಕು ಅಂದ್ರಿ, ತಗದ್ನಿ ಸರ. ಕುಂಕುಮ ಯಾವ್ದು, ಶಾಯಿ ಯಾವ್ದು ಅಂತ ಮಷಿನ್‌ಗೆ ಹ್ಯಾಂಗ್ ತಿಳೀಬೇಕ್ರೀ? ಒಳಗ ಕೆಂಪ್ ಶಾಯಿ ಐತಿ ಅಂತ ನನಗ ಯಾರೂ ಹೇಳ್ಲಿಲ್ಲ." ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಚಿಕ್ಕ ಡಾಕ್ಟರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಅವರ ತಂದೆ ಕೆಂಪು ಪೆನ್ನಿನಲ್ಲಿ ಬರೆಸುತ್ತಿದ್ದರೆಂದು ಅವರಿಗೂ ಗೊತ್ತಿತ್ತು, ಆ ಕೆಂಪಕ್ಷರಗಳನ್ನು ನಾನೂ ನೋಡಿದ್ದೆ, ಅಕ್ಕನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮಚ್ಚೆ ಹೋದ ಸಂತೋಷದಲ್ಲಿ ಯಾರಿಗೂ ಅದು ತಲೆಗೆ ಬಂದಿರಲಿಲ್ಲ.

ಶೆಡ್ಡಿನಲ್ಲಿ ಉಳಿದಿದ್ದ ಕಾಗದಗಳನ್ನೆಲ್ಲ ಮತ್ತೆ ಒಳಗೆ ಹೊತ್ತು ತಂದೆವು, ಮತ್ತೆ ಸ್ಕ್ಯಾನ್ ಮಾಡಿದೆವು, ಈ ಸಲ ಬಣ್ಣದಲ್ಲಿ. ಔಷಧದಂಗಡಿಯ ಮಾತನ್ನು ಚಿಕ್ಕ ಡಾಕ್ಟರು ಮತ್ತೆ ಎತ್ತಲಿಲ್ಲ. ಆದರೆ ರದ್ದಿಯವನು ಆಗಲೇ ಒಯ್ದಿದ್ದ ಕಾಗದಗಳಿಗೆ ಏನು ಮಾಡುವುದು? ಅವುಗಳ ಬಿಳುಪಾದ ನಕಲು ಮಾತ್ರ ಕಂಪ್ಯೂಟರಿನಲ್ಲಿತ್ತು. ನಾನು ಒಂದೊಂದೇ ತೆರೆದು ನೋಡುತ್ತ ಕೂತೆ. ಚೌಕ ಪೂರ್ತಿ ಖಾಲಿ ಇದ್ದರೆ ಉಸಿರು ಬಿಟ್ಟು ಮುಂದಕ್ಕೆ ಹೋಗುವುದು. ಖಾಲಿ ಚೌಕದ ತಳದಲ್ಲಿ ಸಹಿ ಇದ್ದರೆ ಆ ಮನೆಗೆ ಫೋನ್ ಮಾಡುವುದು. ಹೆಚ್ಚಿನವರು ಮನೆ ಬದಲಾಯಿಸಿದ್ದರು. ಸಿಕ್ಕವರಿಗೆ ನಾನು ಹೇಳಬೇಕಾಗಿದ್ದ ಮಾತು ಎಂಥದ್ದು ನೋಡಿ: ನಿಮಗೆ ಏನೋ ಒಂದು ಆಗುವುದಿಲ್ಲ, ಅದು ಏನೆಂದು ನಮ್ಮಲ್ಲಿಲ್ಲ, ನಿಮಗೆ ನೆನಪಿದೆಯೇ? ಕೆಲವರಿಗೆ ನೆನಪಿತ್ತು. ಕೆಲವರು ಬೈದರು. ಒಬ್ಬ ಹೆಂಗಸು, ನಮ್ಮ ಯಜಮಾನರು ಹೋದ ವರ್ಷ ಆಪರೇಷನ್ ಟೇಬಲ್ ಮೇಲೇ ಹೋದರು, ಎಂದರು. ಬೇರೆ ಆಸ್ಪತ್ರೆಯಲ್ಲಿ, ಬೇರೆ ಕಾರಣಕ್ಕೆ, ನಮ್ಮ ಸ್ಕ್ಯಾನರ್ ಬರುವುದಕ್ಕೂ ಮೊದಲು. ಆದರೂ ಆ ದಿನ ನನಗೆ ಅನ್ನ ಇಳಿಯಲಿಲ್ಲ.

ಹಾಗೆ ನೋಡುತ್ತಿರುವಾಗ ಒಂದು ಸಂಜೆ ಅಕ್ಕನ ಹೆಸರು ಬಂತು. ಬಹಳ ಹಿಂದೆ ಅವರಿಗೆ ಗರ್ಭಕೋಶದ ಆಪರೇಷನ್ ಆಗಿತ್ತು, ನಮ್ಮಲ್ಲೇ. ಚೌಕ ಖಾಲಿ. ತಳದಲ್ಲಿ ಸಹಿ.

ನಾನು ಪರದೆಯನ್ನು ಬದಲಾಯಿಸಲು ಕೈ ಚಾಚಿದೆ. ಅಕ್ಕ ನನ್ನ ಹಿಂದೆಯೇ ನಿಂತಿದ್ದರು.

"ಇರ್ಲಿ ಬಿಡು, ನೋಡಿದೆ," ಎಂದರು.

"ಅಕ್ಕ, ನಿಮಗೇನು ಆಗಿತ್ತು ಆವಾಗ? ನೆನಪು ಮಾಡ್ಕೊಳ್ಳಿ."

"ನಂಗೆಲ್ಲಿ ಗೊತ್ತು? ನಾನು ಮಂಪರಲ್ಲಿದ್ದೆ. ಡಾಕ್ಟ್ರು ನಮ್ಮನೆಯವರನ್ನ ಕರೆದು ಏನೋ ಹೇಳಿದ್ರಂತೆ. ನಿನಗೆ ಹೇಳಿದ್ರೆ ಹೆದರ್ಕೋತೀಯ ಅಂತ ಅವರು ನಂಗೆ ಹೇಳ್ಲೇ ಇಲ್ಲ. ಫೈಲು ಕೈಗೆ ಬಂದಾಗ್ಲೂ ನಂದನ್ನ ನಾನು ಓದೋಕೆ ಹೋಗ್ಲಿಲ್ಲ." ಅವರ ಗಂಡ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಆ ಫೈಲಿಗೂ ತಾವೇ ಕುಂಕುಮ ಇಟ್ಟದ್ದು ಎಂದು ಅಕ್ಕ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಷ್ಟು ವರ್ಷ ಜ್ವರದ ಮಾತ್ರೆ, ನೆಗಡಿ ಮಾತ್ರೆ ಎಲ್ಲ ನುಂಗಿಯೂ ಏನೂ ಆಗಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಿದೆ. ಹೂಂ ಅಂದರು. ಆದರೆ ಅವತ್ತಿನಿಂದ ಒಂದು ಮಾತ್ರೆಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಜ್ವರಕ್ಕೆ ಕಷಾಯ, ಮಂಡಿ ನೋವಿಗೆ ಉಪ್ಪಿನ ಶಾಖ. ಚಿಕ್ಕ ಡಾಕ್ಟರು ಪರೀಕ್ಷೆ ಮಾಡಿಸೋಣ ಎಂದರೆ, ಯಾವುದನ್ನು ಅಂತ ಪರೀಕ್ಷೆ ಮಾಡುತ್ತೀರಿ ಎಂದು ಅಕ್ಕ ಕೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ, ಇಬ್ಬರೂ ಆ ಕೆಲಸ ಬಿಟ್ಟಾಗಿತ್ತು, ಅಕ್ಕನಿಗೆ ದವಡೆ ಹಲ್ಲು ನೋವು ಬಂತು. ಲವಂಗ ಕಚ್ಚಿಕೊಂಡು ಎಷ್ಟು ದಿನ ಸಹಿಸಿದರೋ ನನಗೆ ತಿಳಿಯದು. ನಾನು ನೋಡಲು ಹೋದಾಗ ಕೆನ್ನೆ ಊದಿ ಕಣ್ಣು ಮುಚ್ಚಿತ್ತು. ಬೈದು, ಅತ್ತು, ಆಟೋ ಹತ್ತಿಸಿ ಫೋರ್ತ್ ಬ್ಲಾಕಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ಹಲ್ಲು ಕೀಳಲೇಬೇಕು, ಕೀವು ಕಟ್ಟಿದೆ, ಇಂಜೆಕ್ಷನ್ ಕೊಟ್ಟರೆ ನೋವೇ ಗೊತ್ತಾಗುವುದಿಲ್ಲ ಎಂದರು. ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಕುರ್ಚಿಗೆ ಒರಗಿ ಬಾಯಿ ತೆರೆದರು.

ಡಾಕ್ಟರು ಸಿರಿಂಜು ತುಂಬಿಕೊಂಡು, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು.

"ಅಮ್ಮಾ, ಯಾವುದಾದ್ರೂ ಔಷಧ ನಿಮಗೆ ಆಗಲ್ಲ ಅಂತ ಇದೆಯಾ?"

"ಇದೆ ಕಣಪ್ಪ," ಎಂದರು ಅಕ್ಕ.

"ಯಾವುದು?"

ಅಕ್ಕ ನನ್ನ ಕಡೆ ನೋಡಿದರು. ಡಾಕ್ಟರೂ ನನ್ನ ಕಡೆ ನೋಡಿದರು.

"ಗೊತ್ತಿಲ್ಲ ಸಾರ್," ಎಂದೆ.

ಅವರು ಸಿರಿಂಜನ್ನು ತಟ್ಟೆಯಲ್ಲಿ ಕೆಳಗಿಟ್ಟರು. ಅಕ್ಕ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡರು.